ಗುರಿ ಮಸುಕಾಗಿಯೇ ಇರಲಿ

ನಂಜನಗೂಡು
ಭಾನುವಾರ, ಸಂಜೆ

ಚಿ. ಅಮ್ಮಣ್ಣಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನಾಲ್ಕೂ ಫೋಟೋ ನೋಡಿದೆ. ನಾಲ್ಕರಲ್ಲೂ ಪಿಸ್ತೂಲು, ಒಂದಕ್ಕಿಂತ ಒಂದು ಚೆಂದ. ಕೆಳಗೆ ‘ಯಾವುದು ತಗೊಳ್ಲಿ ದೊಡ್ಡಪ್ಪ?’ ಅಂತ ಒಂದೇ ಸಾಲು. ಉತ್ತರವನ್ನೂ ಒಂದೇ ಸಾಲಿನಲ್ಲಿ ಕೊಡಬಹುದಿತ್ತು. ಆದರೆ ಹೆಬ್ಬೆರಳಲ್ಲಿ ಕುಟ್ಟಿ ಕಳಿಸುವ ಮಾತಲ್ಲ ಅನ್ನಿಸಿತು. ದೊಡ್ಡಮ್ಮನ ಹಾಲಿನ ಲೆಕ್ಕದ ಪುಸ್ತಕದಿಂದ ನಾಲ್ಕು ಹಾಳೆ ಕಿತ್ತುಕೊಂಡು ಜಗಲಿಯಲ್ಲಿ ಕೂತಿದ್ದೇನೆ. ಅವಳಿಗೆ ಇನ್ನೂ ಗೊತ್ತಿಲ್ಲ.

ನಿನಗೆ ಪಿಸ್ತೂಲಿನ ಹುಚ್ಚು ಹಿಡಿದದ್ದು ಒಲಿಂಪಿಕ್ಸ್ ನೋಡಿ ಅಂತ ನಿನ್ನಪ್ಪ ತಿಳಿದಿದ್ದಾನೆ. ನನಗೆ ಬೇರೆ ಗೊತ್ತು. ಆಗ ನಿನಗೆ ಏಳು ವರ್ಷವೋ ಎಂಟೋ. ದೊಡ್ಡ ಜಾತ್ರೆಗೆ ಬಂದಿದ್ದಿರಿ. ಗೌತಮ ರಥ ನೆಲೆಗೆ ಬಂದು ನಿಂತ ಮೇಲೆ ನಿನ್ನನ್ನು ಬಲೂನಿಗೆ ಗುಂಡು ಹೊಡೆಯುವ ಅಂಗಡಿಗೆ ಕರೆದುಕೊಂಡು ಹೋದೆ. ಆ ಕೋವಿ ನಿನಗಿಂತ ಉದ್ದ, ಮುಂದಿನ ತುದಿಯನ್ನು ಹಲಗೆಯ ಮೇಲೆ ಇಟ್ಟುಕೊಟ್ಟೆ. ಮೊದಲ ನಾಲ್ಕು ಈಡು ಬಟ್ಟೆಗೆ. ಐದನೆಯದು ನೀನು ಹಿಡಿದದ್ದು ಕೆಂಪು ಬಲೂನಿಗೆ, ಒಡೆದದ್ದು ಅದರ ಬಲಗಡೆಯ ಹಳದಿ. ಅಂಗಡಿಯವನು ಚಪ್ಪಾಳೆ ತಟ್ಟಿದ. ನೀನು ನಗಲಿಲ್ಲ. ಆರನೆಯದಕ್ಕೆ ನಳಿಗೆಯನ್ನು ಬೇಕೆಂತಲೇ ಒಂದು ಬಲೂನಿನಷ್ಟು ಎಡಕ್ಕೆ ತಿರುಗಿಸಿ ಹೊಡೆದೆ, ಬೇಕಾದ್ದೇ ಒಡೆಯಿತು. ಆ ಅಂಗಡಿಗಳ ಕೋವಿಗೆ ಮೂತಿ ಒಂದು ಕಡೆ, ಕಣ್ಣು ಒಂದು ಕಡೆ ಇರುತ್ತದೆ. ಮೂವತ್ತು ವರ್ಷ ಡ್ರಿಲ್ ಮಾಸ್ತರಿಕೆ ಮಾಡಿ, ಎನ್‌ಸಿಸಿ ಹುಡುಗರಿಗೆ ಪಾಯಿಂಟ್ ಟೂ ಟೂ ರೈಫಲ್ ಹಿಡಿಯಲು ಹೇಳಿಕೊಟ್ಟವನು ನಾನು. ಗುಂಡು ಎಲ್ಲಿ ಹೋಯಿತು ಅಂತ ಅಳುವ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ, ಯಾಕೆ ಹೋಯಿತು ಅಂತ ಸುಮ್ಮನೆ ನಿಂತು ನೋಡಿದವರು ಕಡಿಮೆ. ಆವತ್ತೇ ಅಂದುಕೊಂಡೆ, ಇವಳು ಒಂದು ದಿನ ಕೇಳುತ್ತಾಳೆ ಅಂತ.

ನಮ್ಮ ಮನೆಗೆ ಕೋವಿ ಹೊಸದೇನಲ್ಲ. ನಿನ್ನ ತಾತನಿಗೆ ಹೆಡಿಯಾಲದ ಕಡೆ ಹೊಲವಿದ್ದ ಕಾಲದಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಒಂದು ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಮೂತಿಯಿಂದ ಮದ್ದು ಹಾಕಿ ಗಜದಲ್ಲಿ ಜಡಿಯಬೇಕು. ಹಂದಿ ನೆಲಗಡಲೆಗೆ ನುಗ್ಗಿದ ರಾತ್ರಿ ಆಕಾಶಕ್ಕೊಂದು ಈಡು, ಅಷ್ಟೇ ಅದರ ಪೌರುಷ. ಉಳಿದಂತೆ ಅದು ಅಟ್ಟದಲ್ಲಿ ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು. ಚುನಾವಣೆ ಬಂದರೆ ಅದಕ್ಕೆ ಪ್ರವಾಸ ಯೋಗ. ತಾತ ದುಪ್ಪಟಿಯಲ್ಲಿ ಸುತ್ತಿ, ಮದುವಣಗಿತ್ತಿಯನ್ನು ಕರೆದೊಯ್ಯುವ ಹಾಗೆ ಬಸ್ಸಿನಲ್ಲಿ ಕೂರಿಸಿಕೊಂಡು ಠಾಣೆಗೆ ಹೋಗಿ ಒಪ್ಪಿಸಿ ರಸೀತಿ ತರುತ್ತಿದ್ದರು. ಮತ ಎಣಿಕೆ ಮುಗಿದ ಮೇಲೆ ವಾಪಸು. ‘ಇಂದಿರಾ ಗಾಂಧಿ ಗೆದ್ದರೂ ಸೋತರೂ ನನ್ನ ಕೋವಿಗೆ ತುಕ್ಕು’ ಅನ್ನುತ್ತಿದ್ದರು. ಕೊಡಗಿನವರ ಮಾತು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಕೋವಿ ಅಂದರೆ ಕಾಗದಪತ್ರ. ತಾತ ತೀರಿಕೊಂಡ ಮೇಲೆ ನಾನೇ ಹೋಗಿ ಠಾಣೆಯಲ್ಲಿ ಜಮೆ ಮಾಡಿ ಬಂದೆ. ದುಪ್ಪಟಿ ಮಾತ್ರ ಮನೆಯಲ್ಲೇ ಇದೆ.

ನಿನ್ನಪ್ಪನ ವಿಷಯ ಹೇಳಿಬಿಡುತ್ತೇನೆ, ಅವನ ಮುಂದೆ ಎತ್ತಬೇಡ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ ನಿಮ್ಮ ನರಸೀಪುರ ತಾಲ್ಲೂಕು ಹೇಗಿತ್ತು ಅಂತ ನಿನಗೆ ನೆನಪಿದೆ. ಚಿರತೆಗೆ ನಾಲ್ಕು ಜೀವ ಹೋಯಿತು. ಕಂಡಲ್ಲಿ ಗುಂಡಿಕ್ಕಿ ಅಂತ ಅರಣ್ಯ ಇಲಾಖೆಯೇ ಆದೇಶ ಹೊರಡಿಸಿತ್ತು. ಸೋಸಲೆ ರಸ್ತೆಯಲ್ಲಿ ಸಂಜೆ ಆರಾದರೆ ನರಪಿಳ್ಳೆ ಇಲ್ಲ. ಆಗ ನಿನ್ನಪ್ಪ ರಾತ್ರಿ ಫೋನು ಮಾಡಿ, ‘ಅಣ್ಣಾ, ನನ್ನ ಹೆಸರಲ್ಲಿ ಒಂದು ರಿವಾಲ್ವರ್ ಲೈಸೆನ್ಸ್ ಮಾಡಿಸಿಬಿಡೋಣ, ಮಗಳು ಬಸ್ಸಿಳಿದು ನಡೆದು ಬರ್ತಾಳೆ’ ಅಂದ. ಕಾನ್ಪುರದ ಕಾರ್ಖಾನೆಯವರು 2014ರಲ್ಲಿ ಹೆಣ್ಣುಮಕ್ಕಳಿಗೆಂದೇ ‘ನಿರ್ಭೀಕ್’ ಅಂತ ಒಂದು ಪಾಯಿಂಟ್ ಥರ್ಟಿಟೂ ರಿವಾಲ್ವರ್ ತಂದರಲ್ಲ, ಅರ್ಧ ಕೆ.ಜಿ. ತೂಕದ್ದು, ಅದರ ಚಿತ್ರ ಎಲ್ಲೋ ನೋಡಿದ್ದ. ಆಗಲೇ ಅದರ ಬೆಲೆ 1.2 ಲಕ್ಷದ ಮೇಲಿತ್ತು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಬಂದೂಕು ತರಬೇತಿಯ ಪ್ರಮಾಣಪತ್ರ ಎಲ್ಲ ಬೇರೆ. ನಿನ್ನ ಹೆಸರಿನಲ್ಲಂತೂ 21 ತುಂಬುವವರೆಗೆ ಆಗದ ಮಾತು. ನಾನು ಅವನಿಗೆ ಕೇಳಿದ್ದು ಒಂದೇ: ಕಬ್ಬಿನ ಗದ್ದೆಯಿಂದ ಹಿಂದಿನಿಂದ ಬಂದು ಎರಗುವ ಮೃಗಕ್ಕೆ ಚೀಲದೊಳಗಿನ ರಿವಾಲ್ವರ್ ಏನು ಮಾಡುತ್ತದಪ್ಪ? ಆ ಚಳಿಗಾಲ ದಾಟಿಸಿದ್ದು ಬೋನು, ಬೀದಿದೀಪ, ಬೇಗ ಕಡಿದ ಕಬ್ಬು, ಗುಂಪಾಗಿ ನಡೆದ ಜನ. ಅವನು ನನ್ನ ಮೇಲೆ ಎರಡು ತಿಂಗಳು ಮುನಿಸಿಕೊಂಡಿದ್ದ. ಹೆದರಿದ ಅಪ್ಪನಿಗೆ ಲೆಕ್ಕ ಹೇಳಬಾರದಿತ್ತು, ನಾನೇ ಒಂದು ವಾರ ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತೇನೆ ಅನ್ನಬೇಕಿತ್ತು.

ನೀನು ಕೇಳುತ್ತಿರುವುದು ಆ ಜಾತಿಯದಲ್ಲ ಅಂತ ಗೊತ್ತಾದಾಗ ನನಗೆ ನಿರಾಳವಾಯಿತು. ಗಾಳಿ ಪಿಸ್ತೂಲು, ಏರ್ ಪಿಸ್ಟಲ್. 4.5 ಮಿ.ಮೀ. ಗುಂಡು, 20 ಜೂಲ್‌ಗಿಂತ ಕಡಿಮೆ ಶಕ್ತಿ. 2016ರ ಆಯುಧ ನಿಯಮಗಳ ಪ್ರಕಾರ ಇದಕ್ಕೆ ಲೈಸೆನ್ಸು ಬೇಡ. ಬೇಡ ಅಂದ ಮಾತ್ರಕ್ಕೆ ಆಟಿಕೆಯಲ್ಲ, ಅದನ್ನು ಮುಂದೆ ಹೇಳುತ್ತೇನೆ. ಹತ್ತು ಮೀಟರ್ ದೂರ, ಒಂದೇ ಕೈ, ನಿಂತುಕೊಂಡು. ಹತ್ತರ ವೃತ್ತ 11.5 ಮಿ.ಮೀ., ನಿನ್ನಪ್ಪನ ಅಂಗಿಯ ಗುಂಡಿಯಷ್ಟು. ಅದರೊಳಗಿನ ಒಳಹತ್ತು 5 ಮಿ.ಮೀ., ಗುಲಗಂಜಿಯಷ್ಟು. ಅರವತ್ತು ಈಡು, ಒಂದೂಕಾಲು ಗಂಟೆ. 2018ಕ್ಕೆ ಮುಂಚೆ ಹೆಂಗಸರಿಗೆ ನಲವತ್ತೇ ಇತ್ತು. ಯಾಕೆ ಅಂತ ಕೇಳಿದರೆ ಸರಿಯಾಗಿ ಉತ್ತರ ಹೇಳಿದವರನ್ನು ನಾನು ಕಾಣೆ.

ಈಗ ಬೆಲೆ. ನಿನ್ನ ನಾಲ್ಕು ಫೋಟೋಗಳಲ್ಲಿ ಮೊದಲ ಮೂರು ಪರದೇಶದ ಸ್ಪರ್ಧೆಯ ಪಿಸ್ತೂಲುಗಳು. ಲಕ್ಷ ದಾಟಿದ ಮೇಲೇ ಅವುಗಳ ಮಾತು ಶುರು. ನಾಲ್ಕನೆಯದು ನಳಿಗೆ ಮುರಿದು ಸ್ಪ್ರಿಂಗ್ ಏರಿಸುವ ಸಾದಾ ಪಿಸ್ತೂಲು, ಕೆಲವು ಸಾವಿರಕ್ಕೆ ಸಿಗುತ್ತದೆ. ಟ್ರಿಗರ್ ಬಿಗಿ, ಹೊಡೆದಾಗ ಕೈಯಲ್ಲಿ ಕಪ್ಪೆಯ ಹಾಗೆ ನೆಗೆಯುತ್ತದೆ. ನನ್ನ ಓಟು ಅದಕ್ಕೇ. ಯಾಕೆ ಅನ್ನುವುದಕ್ಕೆ ನನ್ನ ಮಾನ ಹೋದ ಕತೆ ಹೇಳಬೇಕು.

ನಿವೃತ್ತಿಗೆ ಆರು ವರ್ಷ ಇದ್ದಾಗ ನಾನು ಮೈಸೂರಿನ ಒಂದು ರೇಂಜಿಗೆ ಶನಿವಾರ ಶನಿವಾರ ಹೋಗಿ ಏರ್ ಪಿಸ್ಟಲ್ ಶುರು ಮಾಡಿದೆ. ರೈಫಲ್ ಬಲ್ಲವನು, ಇದೇನು ಮಹಾ ಅಂತ ಗರ್ವ. ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ. ಗುಂಪು ಚೆನ್ನಾಗೇ ಬೀಳುತ್ತಿತ್ತು, ಬೀಳಬೇಕಾದ ಕಡೆ ಅಲ್ಲ. ಸೈಟಿನ ತಿರುಪು ತಿರುಗಿಸಿ ಮೇಲಕ್ಕೆ, ಬಲಕ್ಕೆ ತಂದೆ. ಆಗ ಹತ್ತಕ್ಕೆ ಎಂಟು ಸರಿ ಬಿದ್ದು, ನಿಜವಾಗಿ ಚೆನ್ನಾಗಿ ಬಿಟ್ಟ ಎರಡು ಮಾತ್ರ ಮೇಲೆ ಬಲಕ್ಕೆ ಹಾರಿಹೋಗುತ್ತಿದ್ದವು. ತಪ್ಪಾಗಿ ಹೊಡೆದದ್ದಕ್ಕೆ ಬಹುಮಾನ, ಸರಿಯಾಗಿ ಹೊಡೆದದ್ದಕ್ಕೆ ದಂಡ. ದೋಷ ಪಿಸ್ತೂಲಿನದೇ ಅಂತ ತೀರ್ಮಾನ ಮಾಡಿದೆ. ಆ ವರ್ಷ ಗಳಿಕೆ ರಜೆ ನಗದೀಕರಣದ ದುಡ್ಡು ಬಂದಿತ್ತು. ದೊಡ್ಡಮ್ಮನಿಗೆ ಬಳೆ ಮಾಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅದಕ್ಕೆ ಇನ್ನಷ್ಟು ಸೇರಿಸಿ ಯಾರದೋ ಕೈಬದಲಾದ ಪರದೇಶದ ಪಿಸ್ತೂಲು ತಂದೆ. ಹಿಡಿಯೇನು, ಹೊಳಪೇನು! ಮೊದಲ ಹತ್ತು ಈಡು ಹೊಡೆದು ಕಾರ್ಡು ಎಳೆದು ನೋಡಿದರೆ ಎಡಕ್ಕೆ, ಕೆಳಕ್ಕೆ.

ರೇಂಜಿನಲ್ಲಿ ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರರು ಇದ್ದರು. ಮಾತು ಕಡಿಮೆ. ‘ಕೊಡಿ ಮೇಷ್ಟ್ರೇ, ನಾನು ತುಂಬಿಸಿ ಕೊಡ್ತೀನಿ’ ಅಂದರು. ಒಂದು ಸಲ ಗುಂಡಿಟ್ಟು ಕೊಡುವುದು, ಇನ್ನೊಂದು ಸಲ ಗುಂಡೂ ಗಾಳಿಯೂ ಇಲ್ಲದೆ ಬರೀ ಟ್ರಿಗರ್ ಮಾತ್ರ ಕೆಲಸ ಮಾಡುವ ಹಾಗೆ ಮಾಡಿ ಕೊಡುವುದು. ಯಾವುದು ಯಾವುದು ಅಂತ ನನಗೆ ಹೇಳುವುದಿಲ್ಲ. ಮೂರನೆಯದು ಖಾಲಿ. ನಾನು ಟ್ರಿಗರ್ ಒತ್ತಿದೆ, ಟಕ್ ಅಂದಿತು, ಗುಂಡಿಲ್ಲ, ಸದ್ದಿಲ್ಲ, ಆದರೂ ಪಿಸ್ತೂಲಿನ ಮೂತಿ ಕೋಳಿ ಕಾಳು ಹೆಕ್ಕಿದ ಹಾಗೆ ಎಡಗೆಳಗೆ ಕುಕ್ಕಿತು. ಸುತ್ತ ನಾಲ್ಕು ಜನ ಹುಡುಗರು ನೋಡುತ್ತಿದ್ದರು. ಸುಬೇದಾರರು ನಗಲಿಲ್ಲ, ‘ನೀವು ಎಲ್ಲಿ ನೋಡ್ತಾ ಇದ್ರಿ?’ ಅಂತ ಕೇಳಿದರು. ಎಲ್ಲಿ ನೋಡುವುದು, ಗುರಿಯನ್ನೇ. ‘ಅದಕ್ಕೇ’ ಅಂದರು.

ಆ ‘ಅದಕ್ಕೇ’ ಅರ್ಥವಾಗಲು ನನಗೆ ಒಂದು ಮಳೆಗಾಲ ಹಿಡಿಯಿತು. ನಿನಗೆ ಹೇಳಬೇಕಾದದ್ದು ಇದೊಂದೇ, ಪಿಸ್ತೂಲು ಯಾವುದಾದರೂ ತಗೋ.

ನಮ್ಮ ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡುತ್ತದೆ. ಪಿಸ್ತೂಲಿನ ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊನೆ, ಆಮೇಲೆ ಹತ್ತು ಮೀಟರಿನಾಚೆ ಕಪ್ಪು ಚುಕ್ಕೆ. ಮೂರರಲ್ಲಿ ಒಂದು ಮಾತ್ರ ಚೊಕ್ಕ ಕಾಣುತ್ತದೆ, ಉಳಿದೆರಡು ಮಂಜು. ಹೊಸಬರೆಲ್ಲ ಕಪ್ಪನ್ನು ಆರಿಸಿಕೊಳ್ಳುತ್ತಾರೆ, ಹೊಡೆಯಬೇಕಾದ್ದು ಅದನ್ನಲ್ಲವೇ ಅಂತ. ಲೆಕ್ಕ ನೋಡು, ನೀನು ಬಿಎಸ್ಸಿ ಓದುವವಳು. ಮೊನೆಗೂ ಕಚ್ಚಿಗೂ ನಡುವೆ ಸುಮಾರು 32 ಸೆಂ.ಮೀ. ಇರಲಿ. ಕೈ ನೆಟ್ಟಗಿದ್ದು ತೋಳೆಲ್ಲ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿ.ಮೀ. ಸರಿಯುತ್ತದೆ, ಹತ್ತು ಹತ್ತಾಗಿಯೇ ಉಳಿಯುತ್ತದೆ. ಆದರೆ ಮೊನೆ ಮಾತ್ರ ಕಚ್ಚಿನೊಳಗೆ ಒಂದು ಮಿ.ಮೀ. ಓರೆಯಾದರೆ, ಹತ್ತು ಮೀಟರಿನಲ್ಲಿ ಆ ಓರೆ 31 ಮಿ.ಮೀ.ಗೆ ಬೆಳೆಯುತ್ತದೆ. ಹತ್ತಕ್ಕೆ ಬೀಳಬೇಕಾದ ಗುಂಡು ಏಳಕ್ಕೆ. ತೋಳು ಓಲಾಡುವುದು ಕ್ಷಮೆಗೆ ಅರ್ಹ, ಮೊನೆ ಓರೆಯಾಗುವುದಕ್ಕೆ ಕ್ಷಮೆಯಿಲ್ಲ. ಹಾಗಾಗಿ ಕಣ್ಣು ಮೊನೆಯ ಮೇಲೆ. ಅದರ ಅಂಚು ಬ್ಲೇಡಿನ ಹಾಗೆ ಕಾಣಬೇಕು. ಗುರಿ ಮಸುಕಾಗಿಯೇ ಇರಲಿ, ಕಪಿಲೆಯಾಚೆ ಬೆಳಗಿನ ಮಂಜಿನಲ್ಲಿ ಕಾಣುವ ದೀಪದ ಹಾಗೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಗುರಿಯನ್ನು ನೋಡುತ್ತ ನಿಂತರೆ ಅದು ಸರಿಯಾದ ಜಾಗಕ್ಕೆ ಬಂದ ಗಳಿಗೆ ‘ಈಗ!’ ಅಂತ ಆಸೆ ಹುಟ್ಟುತ್ತದೆ. ಬೆರಳು ಬಾಚಿಕೊಳ್ಳುತ್ತದೆ. ಬಾಚಿದ ಕೂಡಲೇ ಮೂತಿ ಕುಕ್ಕುತ್ತದೆ, ನನ್ನ ಕೋಳಿಯ ಹಾಗೆ. ಮೊನೆಯನ್ನು ನೋಡುತ್ತಿದ್ದರೆ ಆ ಆಸೆಗೆ ಜಾಗ ಇರುವುದಿಲ್ಲ. ಸ್ಪರ್ಧೆಯ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕು ಅಂತ ನಿಯಮ, ಅರ್ಧ ಕೆ.ಜಿ. ಸಕ್ಕರೆ ಪೊಟ್ಟಣದ ಭಾರ. ಅದನ್ನು ಒಂದೇ ಸಲ ಬೆರಳಿನ ಮೇಲೆ ಎಸೆಯಬಾರದು. ಒಂದೊಂದು ಚಮಚ ಹಾಕುತ್ತ ಹೋಗು, ಯಾವ ಚಮಚಕ್ಕೆ ಬಿಟ್ಟುಕೊಂಡಿತು ಅಂತ ನಿನಗೇ ಗೊತ್ತಾಗಬಾರದು. ನಿಮ್ಮೂರಿನ ಗುಂಜಾ ನರಸಿಂಹಸ್ವಾಮಿಯ ಕೈಬೆರಳ ನಡುವೆ ಗುಲಗಂಜಿ ಇದೆಯಲ್ಲ, ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ತೋರಿಸುವ ಗುಲಗಂಜಿ. ಮುಂದಿನ ಸಲ ಹೋದಾಗ ಮಂಗಳಾರತಿಯ ಬೆಳಕಿನಲ್ಲಿ ಆ ಬೆರಳುಗಳನ್ನು ನೋಡು. ಹಿಸುಕಿ ಹಿಡಿದಿಲ್ಲ. ದೇವರಿಗೆ ಕೋವಿಯ ಪಾಠ ಹಚ್ಚುತ್ತಿದ್ದೇನೆ, ಅವನೇ ಕ್ಷಮಿಸಲಿ.

ಇದಕ್ಕೆಲ್ಲ ಲಕ್ಷದ ಪಿಸ್ತೂಲು ಬೇಡ. 2021ರಲ್ಲಿ ಟೋಕಿಯೋದಲ್ಲಿ ಮನು ಭಾಕರ್ ಕೈಯಲ್ಲಿದ್ದದ್ದು ಜಗತ್ತಿನ ಉತ್ತಮ ಪಿಸ್ತೂಲುಗಳಲ್ಲಿ ಒಂದು, ಸ್ಪರ್ಧೆಯ ನಟ್ಟನಡುವೆ ಅದೇ ಕೆಟ್ಟು ಕೂತಿತು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಎರಡು ಕಂಚು ತಂದಳು ಆ ಹುಡುಗಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರಿಗೆ 2013ರಲ್ಲಿ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಮುಂದಿನ ವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಏರ್ ಪಿಸ್ಟಲ್ ಬೆಳ್ಳಿ. ಕಣ್ಣು, ಮುಖ ಮಾತು ಕೇಳದೆ ಇದ್ದ ಮನುಷ್ಯ! ದಿವ್ಯಾ ಟಿ.ಎಸ್. ಕೂಡ ಬೆಂಗಳೂರಿನವರೇ, 2023ರ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು. ಅವರ ಸ್ಪರ್ಧೆಗಳ ವಿಡಿಯೋ ಸಿಕ್ಕರೆ ಗುಂಡು ಬಿಟ್ಟ ಮೇಲಿನ ಎರಡು ಸೆಕೆಂಡು ನೋಡು. ಕೈ ಹಾಗೇ ನಿಂತಿರುತ್ತದೆ, ಕಣ್ಣು ಅಂಕಪಟ್ಟಿಗೆ ಓಡುವುದಿಲ್ಲ.

ಹಾಗಾಗಿ ಹೀಗೆ ಮಾಡು. ಮೊದಲ ಆರು ತಿಂಗಳು ಮೈಸೂರಿನಲ್ಲಿ ಯಾವುದಾದರೂ ರೇಂಜಿಗೆ ಸೇರಿ ಅವರದೇ ಪಿಸ್ತೂಲಿನಲ್ಲಿ ಹೊಡೆ. ಮನೆಗೆ ಆ ನಾಲ್ಕನೆಯದು ಸಾಕು. ಉಳಿದ ದುಡ್ಡು ಗುಂಡಿನ ಡಬ್ಬಿಗೆ, ಬಸ್ ಚಾರ್ಜಿಗೆ. ಸ್ಪ್ರಿಂಗ್ ಪಿಸ್ತೂಲನ್ನು ಗುಂಡಿಲ್ಲದೆ ಏರಿಸಿ ಹೊಡೆಯಬೇಡ, ಒಳಗಿನ ಪಿಸ್ಟನ್ ಬಡಿದುಕೊಂಡು ಹಾಳಾಗುತ್ತದೆ. ಏರಿಸದೆ ಬರೀ ಎತ್ತಿ, ಬಿಳಿ ಗೋಡೆಯ ಕಡೆ ಹಿಡಿದು, ಮೊನೆಯನ್ನು ನೋಡುತ್ತ ಹತ್ತು ಎಣಿಸಿ ಇಳಿಸು. ದಿನಕ್ಕೆ ಮೂವತ್ತು ಸಲ. ಗುರಿಯ ಕಾರ್ಡೇ ಅಂಟಿಸಬೇಡ. ಗೋಡೆಯಲ್ಲಿ ಬಾಚಿಕೊಳ್ಳಲು ಏನೂ ಇರುವುದಿಲ್ಲ, ಅದೇ ಅದರ ಗುಣ. ಬೇಸರವಾಗುತ್ತದೆ. ನನಗೂ ಆಗಿತ್ತು, ಎರಡು ವಾರಕ್ಕೆ ಬಿಟ್ಟಿದ್ದೆ, ಅದಕ್ಕೇ ರಾಜ್ಯಮಟ್ಟದ ಪಂದ್ಯಕ್ಕೆ ಬೆಂಗಳೂರಿಗೆ ಹೋದವನು ಬರೀ ದೋಸೆ ತಿಂದು ಬಂದೆ.

ಆಟಿಕೆಯಲ್ಲ ಅಂದೆನಲ್ಲ. ನಿನ್ನ ದೊಡ್ಡಮ್ಮನ ಎಡಗೈಯಲ್ಲಿ ಮೊಣಕೈ ಕೆಳಗೆ ಒಂದು ಸಣ್ಣ ಕಲೆ ಇದೆ. ಕೇಳಿದವರಿಗೆಲ್ಲ ಒಗ್ಗರಣೆಯ ಎಣ್ಣೆ ಸಿಡಿದದ್ದು ಅನ್ನುತ್ತಾಳೆ. ಅದು ನನ್ನ ಗುಂಡು. ಹಿತ್ತಲಲ್ಲಿ ಬಚ್ಚಲೊಲೆಯ ಹತ್ತಿರ ಹಳೆಯ ತಗಡಿಗೆ ಕಾರ್ಡು ಅಂಟಿಸಿ ಹೊಡೆಯುತ್ತಿದ್ದೆ. ತಗಡಿನ ಹಿಂದೆ ಕಲ್ಲು. ಗುಂಡು ವಾಪಸು ಬಂತು, ಅವಳು ಬಟ್ಟೆ ಒಣಹಾಕುತ್ತಿದ್ದಳು. ಒಂದು ಗೇಣು ಮೇಲೆ ಬಂದಿದ್ದರೆ ಕಣ್ಣು. ಅವಳು ಆವತ್ತು ಒಂದು ಮಾತೂ ಆಡಲಿಲ್ಲ, ಇವತ್ತಿನವರೆಗೂ ಎಣ್ಣೆ ಅಂತಲೇ ಹೇಳುತ್ತಾಳೆ. ಹಾಗಾಗಿ ಗುರಿಯ ಹಿಂದೆ ಯಾವಾಗಲೂ ಬಟ್ಟೆ ತುಂಬಿದ ಮರದ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಹಿಂದೆ ಮುಂದೆ ಯಾರು ಓಡಾಡುತ್ತಾರೆ ಅಂತ ನೋಡಿಯೇ ಗುಂಡು ತುಂಬುವುದು. ಗುಂಡು ಸೀಸದ್ದು, ಮುಟ್ಟಿದ ಕೈಯಲ್ಲಿ ಮುದ್ದೆ ಮುರಿಯಬೇಡ, ಸೋಪು ಹಾಕಿ ತೊಳೆ. ಕಾಗೆ, ಕೋತಿ, ಪಕ್ಕದ ಮನೆಯ ಬೆಕ್ಕು ಯಾವುದರ ಕಡೆಗೂ ತಮಾಷೆಗೂ ತಿರುಗಿಸಬೇಡ.

ನನ್ನ ಆ ಪರದೇಶದ ಪಿಸ್ತೂಲನ್ನು ಅರ್ಧ ಬೆಲೆಗೆ ಮಾರಿದೆ. ನಿವೃತ್ತಿಯ ವರ್ಷ ಬಳೆ ಮಾಡಿಸಿದೆ, ಅಷ್ಟರಲ್ಲಿ ಚಿನ್ನದ ಬೆಲೆ ಏರಿ ಮೊದಲು ಹೇಳಿದ್ದಕ್ಕಿಂತ ಒಂದೆಳೆ ತೆಳ್ಳಗಾಯಿತು. ಈಗ ನನಗೆ ಚಾಳೀಸು ದಾಟಿ ಬಹಳ ಕಾಲವಾಯಿತು. ತೋಳು ಚಾಚಿ ಪಿಸ್ತೂಲು ಹಿಡಿದರೆ ದೂರದ ಗುರಿ ಕನ್ನಡಿಯಷ್ಟು ಸ್ಪಷ್ಟ, ಹತ್ತಿರದ ಮೊನೆ ಮಾತ್ರ ಹಿಂಜಿದ ಅರಳೆ. ಚೆನ್ನಾಗಿ ಕಾಣುತ್ತಿದ್ದಾಗ ಆ ಕಡೆ ನೋಡಲಿಲ್ಲ. ನಿನ್ನ ಕಣ್ಣು ಈಗ ಹತ್ತೊಂಬತ್ತರದು.

ಪೆಟ್ಟಿಗೆ ಸಿದ್ಧವಾಗಿದೆ. ಬರುವ ಭಾನುವಾರ ನರಸೀಪುರದಿಂದ ಎಂಟು ಗಂಟೆಯೊಳಗೆ ಹೊರಡು, ಬಿಸಿಲಾದರೆ ಹಿತ್ತಲಲ್ಲಿ ನಿಲ್ಲಲಾಗದು. ಬಸ್ಸಿನಲ್ಲಿ ಪಿಸ್ತೂಲನ್ನು ಚೀಲದಿಂದ ಹೊರಗೆ ತೆಗೆಯಬೇಡ, ಅಂಗಡಿಯ ಬಿಲ್ಲು ಜೊತೆಗಿರಲಿ. ನಿನ್ನಪ್ಪನನ್ನೂ ಕರೆದುಕೊಂಡು ಬಾ, ನಾನು ಕರೆದೆ ಅಂತ ಹೇಳು.

ಇಂತಿ ಆಶೀರ್ವಾದಗಳೊಂದಿಗೆ,
ದೊಡ್ಡಪ್ಪ

ಮರೆತಿದ್ದೆ: ಪೆಟ್ಟಿಗೆಗೆ ತುಂಬಲು ಹಳೇ ಬಟ್ಟೆ ಕೇಳಿದ್ದಕ್ಕೆ ದೊಡ್ಡಮ್ಮ ತನ್ನ ಎರಡು ಮೆತ್ತನೆಯ ವಾಯಿಲ್ ಸೀರೆ ಕೊಟ್ಟಿದ್ದಾಳೆ. ನೀನು ಹೊಡೆಯುವ ಹೊತ್ತಿಗೆ ತಾನು ಶ್ರೀಕಂಠೇಶ್ವರನ ಗುಡಿಯಲ್ಲಿರುತ್ತೇನೆ, ಮುಗಿದ ಮೇಲೆ ಫೋನು ಮಾಡಿ ಅಂದಳು. ಹಾಲಿನ ಪುಸ್ತಕದ ಹಾಳೆ ಕಿತ್ತದ್ದೂ ಗೊತ್ತಾಗಿಹೋಯಿತು.